ಮನೆಗೆ ಬರೋ ನರ್ಸ್‌ಗೆ ಎಷ್ಟು ಸ್ಟಾರ್? ಅಮೆರಿಕದ ಒಂದು ಲೆಕ್ಕದ ಕಥೆ

ಊಟ ತರಿಸೋಕೆ, ಆಟೋ ಬುಕ್ ಮಾಡೋಕೆ, ಒಂದು ಚಾರ್ಜರ್ ಕೊಳ್ಳೋಕೂ ನಾವು ಮೊದಲು ನೋಡೋದು ಸ್ಟಾರ್. ಅಮೆರಿಕದಲ್ಲಿ ರೋಗಿಗಳ ಮನೆಗೆ ನರ್ಸ್ ಕಳಿಸೋ ಸಂಸ್ಥೆಗಳಿಗೂ ಸರ್ಕಾರವೇ ಒಂದರಿಂದ ಐದರವರೆಗೆ ಸ್ಟಾರ್ ಕೊಡುತ್ತೆ. ಅಪ್ಪ-ಅಮ್ಮನನ್ನ ಅಲ್ಲಿ ಜೊತೆಗಿಟ್ಟುಕೊಂಡಿರೋ ಕನ್ನಡದ ಕುಟುಂಬಗಳಿಗೂ ಇದು ಬೇಕಾದ ವಿಷಯ. ಈ ಸ್ಟಾರ್ ಎಲ್ಲಿಂದ ಬಂತು, ಏನನ್ನ ಅಳೆಯುತ್ತೆ? ಇವತ್ತಿನ ಕಥೆ ಅದೇ.

1893ಕ್ಕೆ ಹೋಗೋಣ. ನ್ಯೂಯಾರ್ಕ್‌ನ ಲೋವರ್ ಈಸ್ಟ್ ಸೈಡ್, ವಲಸೆ ಬಂದ ಬಡವರು ಒತ್ತೊತ್ತಾಗಿ ಬದುಕ್ತಿದ್ದ ಜಾಗ. ಲಿಲಿಯನ್ ವಾಲ್ಡ್ ಅನ್ನೋ ನರ್ಸ್, ಗೆಳತಿ ಮೇರಿ ಬ್ರೂಸ್ಟರ್ ಜೊತೆ ಅಲ್ಲೇ ಉಳಿದು, ಮನೆಮನೆಗೆ ಹೋಗಿ ಆರೈಕೆ ಶುರು ಮಾಡಿದರು. ಇದೇ ಮುಂದೆ ಹೆನ್ರಿ ಸ್ಟ್ರೀಟ್ ಸೆಟಲ್‌ಮೆಂಟ್ ಆಯ್ತು. ಆಗ ರೇಟಿಂಗ್ ಎಲ್ಲಿತ್ತು? ಪಕ್ಕದ ಮನೆಯವರ ಮಾತೇ ರೇಟಿಂಗ್.

1909ರಲ್ಲಿ ಮೆಟ್ರೊಪಾಲಿಟನ್ ಲೈಫ್ ಅನ್ನೋ ವಿಮಾ ಕಂಪನಿ ವಾಲ್ಡ್ ಜೊತೆ ಕೈಜೋಡಿಸಿತು. ಪಾಲಿಸಿದಾರರಿಗೆ ಕಾಯಿಲೆಯಾದರೆ ನರ್ಸ್ ಹೋಗ್ತಾರೆ, ಖರ್ಚು ಕಂಪನಿಯದು. ಧರ್ಮಕ್ಕಲ್ಲ. ಪಾಲಿಸಿದಾರ ಹೆಚ್ಚು ದಿನ ಬದುಕಿದರೆ ಕಂಪನಿ ಕ್ಲೇಮ್ ಹಣ ಕೊಡೋದು ಅಷ್ಟು ತಡ. ಹೀಗೆ ನರ್ಸ್ ಭೇಟಿ ಕಂಪನಿಯ ಲೆಕ್ಕದ ಪುಸ್ತಕಕ್ಕೆ ಬಂತು. 1953ರಲ್ಲಿ ಕಂಪನಿ ಆ ಸೇವೆ ನಿಲ್ಲಿಸಿತು.

1965ರಲ್ಲಿ ಮೆಡಿಕೇರ್ ಕಾನೂನು ಬಂತು. ಈಗ 65 ದಾಟಿದವರ ಮನೆ ಆರೈಕೆಗೆ ದುಡ್ಡು ಕೊಡೋದು ಸರ್ಕಾರ. ಎಷ್ಟು ಖರ್ಚು ತೋರಿಸ್ತಾರೋ ಅದರ ಮೇಲೆ ಪಾವತಿ. ಕಾಮರ್ಸ್ ಓದಿದವರಿಗೆ ಮುಂದೇನಾಗುತ್ತೆ ಅಂತ ಹೇಳಬೇಕಿಲ್ಲ. 1990ರಲ್ಲಿ ಸುಮಾರು 4 ಬಿಲಿಯನ್ ಡಾಲರ್ ಇದ್ದ ಖರ್ಚು 1996ರ ಹೊತ್ತಿಗೆ 16 ಬಿಲಿಯನ್ ದಾಟಿತು. ಮೋಸದ ಬಿಲ್‌ಗಳೂ ಸಿಕ್ಕಿಬಿದ್ದವು. 1997ರ ಸೆಪ್ಟೆಂಬರ್‌ನಲ್ಲಿ ಕ್ಲಿಂಟನ್ ಸರ್ಕಾರ ಹೊಸ ಸಂಸ್ಥೆಗಳಿಗೆ ಕೆಲವು ತಿಂಗಳು ಬಾಗಿಲೇ ಮುಚ್ಚಿತು.

ಆಗ ದೊಡ್ಡದಾಗಿ ಎದ್ದ ಪ್ರಶ್ನೆ: ಇಷ್ಟು ದುಡ್ಡು ಸುರಿದು ರೋಗಿಗೆ ಆಗಿದ್ದೇನು? ಉತ್ತರಕ್ಕೆ ಒಂದು ಪ್ರಶ್ನಾವಳಿ ಸಿದ್ಧವಿತ್ತು. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಪೀಟರ್ ಶಾಗ್ನೆಸ್ಸಿ ಅವರ ತಂಡ ರೂಪಿಸಿದ್ದು, ಹೆಸರು ಓಯಸಿಸ್. ರೋಗಿ ನಡೀತಾರಾ? ಸ್ನಾನ ಮಾಡ್ಕೋತಾರಾ? ಉಸಿರು ಕಟ್ಟುತ್ತಾ? ಮಾತ್ರೆ ತಾವೇ ತಗೋತಾರಾ? ನರ್ಸ್ ಶುರುವಿನಲ್ಲಿ ಒಮ್ಮೆ, ಮುಗಿಯುವಾಗ ಒಮ್ಮೆ ತುಂಬಬೇಕು. ಎರಡರ ವ್ಯತ್ಯಾಸವೇ ಫಲಿತಾಂಶ. 1999ರಿಂದ ಇದು ಕಡ್ಡಾಯ. 2003ರಲ್ಲಿ ಅಂಕಿಗಳು ಜನರ ಮುಂದೆ ಬಂದವು, 2015ರ ಜುಲೈನಲ್ಲಿ ಸ್ಟಾರ್ ಆದವು.

ಇಲ್ಲಿ ಎರಡು ಸಿಕ್ಕು ಇವೆ. ಮೊದಲನೆಯದು, ಫಾರಂ ತುಂಬೋದು ಆ ಸಂಸ್ಥೆಯ ಸಿಬ್ಬಂದಿಯೇ. ಪರೀಕ್ಷೆ ಬರೆದವರೇ ಅಂಕ ಹಾಕಿದ ಹಾಗೆ. ಮೊದಲ ದಿನ ರೋಗಿಯ ಸ್ಥಿತಿ ಇರೋದಕ್ಕಿಂತ ಕೆಟ್ಟದಾಗಿ ಬರೆದರೆ, ಕೊನೆಗೆ ಸುಧಾರಣೆ ದೊಡ್ಡದಾಗಿ ಕಾಣುತ್ತೆ. ರೋಗಿ ಮತ್ತೆ ಆಸ್ಪತ್ರೆ ಸೇರಿದ ಲೆಕ್ಕ ಮಾತ್ರ ಮೆಡಿಕೇರ್ ಬಿಲ್‌ಗಳಿಂದ ಬರೋದು, ಅದನ್ನ ತಿದ್ದೋದು ಕಷ್ಟ.

ಎರಡನೆಯದು ಇನ್ನೂ ಗಂಭೀರ. ಎಲ್ಲರೂ ಸುಧಾರಿಸಲ್ಲ. ವರ್ಮಾಂಟ್ ರಾಜ್ಯದ ಗ್ಲೆಂಡಾ ಜಿಮ್ಮೊ ಅವರಿಗೆ ಕಣ್ಣು ಕಾಣ್ತಿರಲಿಲ್ಲ, ಮಧುಮೇಹದಿಂದ ಒಂದು ಕಾಲು ಹೋಗಿತ್ತು. ಇವರು ಸುಧಾರಿಸುವ ಲಕ್ಷಣ ಇಲ್ಲ ಅಂತ ಮನೆ ಆರೈಕೆಯ ದುಡ್ಡು ನಿರಾಕರಿಸಲಾಯ್ತು. 2011ರಲ್ಲಿ ಅವರು ಮತ್ತು ಅವರಂಥವರು ಕೋರ್ಟಿಗೆ ಹೋದರು. 2013ರ ಜನವರಿಯಲ್ಲಿ ರಾಜಿ ಒಪ್ಪಂದ ಅಂತಿಮವಾಯ್ತು: ಇರೋ ಸ್ಥಿತಿ ಉಳಿಸಿಕೊಳ್ಳೋಕೆ, ಕುಸಿತ ನಿಧಾನ ಮಾಡೋಕೆ ನುರಿತ ಆರೈಕೆ ಬೇಕಿದ್ದರೂ ಮೆಡಿಕೇರ್ ಕೊಡಬೇಕು.

ಎರಡೂವರೆ ವರ್ಷಕ್ಕೆ ಸ್ಟಾರ್ ಬಂತಲ್ಲ, ಅದರಲ್ಲಿ ಹೆಚ್ಚಿನ ಅಳತೆಗಳು ಮತ್ತೆ "ಸುಧಾರಣೆ"ಯವೇ! ರೋಗಿಯ ವಯಸ್ಸು, ಕಾಯಿಲೆ ನೋಡಿ ಅಂಕ ಸರಿದೂಗಿಸ್ತಾರೆ, ನಿಜ. ಆದರೂ ಪಾರ್ಕಿನ್ಸನ್ಸ್ ಇರೋ ಅಜ್ಜನನ್ನ ಎರಡು ವರ್ಷ ಹಾಸಿಗೆ ಹಿಡಿಯದ ಹಾಗೆ ನೋಡಿಕೊಂಡ ನರ್ಸ್ ಕೆಲಸ ಈ ಲೆಕ್ಕದಲ್ಲಿ ಸರಿಯಾಗಿ ಕಾಣಲ್ಲ. 2023ರಿಂದ ಇಂಥ ಅಳತೆಗಳಿಗೆ ದೇಶದಾದ್ಯಂತ ಪಾವತಿಯನ್ನೂ ಗಂಟು ಹಾಕಿದ್ದಾರೆ, ಶೇ. 5ರವರೆಗೆ ಹೆಚ್ಚು-ಕಡಿಮೆ. ಸುಲಭವಾಗಿ ಚೇತರಿಸಿಕೊಳ್ಳೋ ರೋಗಿಗಳೇ ಸಾಕು ಅಂತ ಸಂಸ್ಥೆಗೆ ಅನ್ನಿಸಿದರೆ ಆಶ್ಚರ್ಯ ಇದೆಯಾ?

ಹಾಗಂತ ಸ್ಟಾರ್ ನೋಡಲೇಬೇಡಿ ಅಂತಲ್ಲ, ಓದೋ ರೀತಿ ಗೊತ್ತಿರಲಿ. ಒಂದು, ಇಲ್ಲಿ 3 ಸ್ಟಾರ್ ಕೆಟ್ಟದ್ದಲ್ಲ. ಸಂಸ್ಥೆಗಳನ್ನ ಒಂದಕ್ಕೊಂದು ಹೋಲಿಸಿ ಕೊಡೋದರಿಂದ ಸರಾಸರಿಯವು 3-3.5ರಲ್ಲೇ ಇರ್ತವೆ. ಎರಡು, ಸ್ಟಾರ್ ಇಲ್ಲ ಅಂದ್ರೆ ಸಂಸ್ಥೆ ಹೊಸದೋ ಚಿಕ್ಕದೋ ಇರಬಹುದು. ಮೂರು, ಇನ್ನೊಂದು ಸ್ಟಾರ್ ಇದೆ, 2016ರಿಂದ: ಹೊರಗಿನವರು ರೋಗಿಗಳನ್ನೇ ಕೇಳಿ ಮಾಡೋ ಸಮೀಕ್ಷೆಯದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆಮೇಲೆ ಫೋನ್ ಮಾಡಿ ನೇರವಾಗಿ ಕೇಳಿ: "ನಮ್ಮ ತಂದೆ ಸುಧಾರಿಸೋ ಹಾಗಿಲ್ಲ. ಆದರೂ ಅವರನ್ನ ತಗೋತೀರಾ? ಎಷ್ಟು ದಿನ ಬರ್ತೀರಾ?"

ನಿಮಗೆ ಗೊತ್ತಿರೋರು ಯಾರಾದ್ರೂ ಅಲ್ಲಿ ಈ ಹುಡುಕಾಟದಲ್ಲಿದ್ರೆ ಈ ಸಂಚಿಕೆ ಕಳಿಸಿ.