ರೆಕಾರ್ಡಿನ ಇನ್ನೊಂದು ಬದಿ

ಸುರತ್ಕಲ್ಲಿನಲ್ಲಿ ಎಂ.ಟೆಕ್ ಓದುತ್ತಿದ್ದಾಗ ಹಾಸ್ಟೆಲಿನ ಗೆಳೆಯನೊಬ್ಬನ ಬಳಿ ‘ಕ್ವೀನ್’ ತಂಡದ ‘ಗ್ರೇಟೆಸ್ಟ್ ಹಿಟ್ಸ್’ ಕ್ಯಾಸೆಟ್ ಇತ್ತು. ಹಾಡು ಕೇಳುತ್ತಾ ಕ್ಯಾಸೆಟ್ಟಿನ ಒಳಚೀಟಿ ಓದುವುದು ನನ್ನ ಚಾಳಿ. ಅದರಲ್ಲಿ ಹಾಡು ಬರೆದವರ ಹೆಸರುಗಳು ಇರುವೆ ಸಾಲಿನಂತೆ ಸಣ್ಣ ಅಕ್ಷರದಲ್ಲಿದ್ದವು. ಎಲ್ಲವೂ ಫ್ರೆಡ್ಡಿ ಮರ್ಕ್ಯುರಿಯದೇ ಅಂದುಕೊಂಡಿದ್ದ ನನಗೆ ‘ಅನದರ್ ಒನ್ ಬೈಟ್ಸ್ ದ ಡಸ್ಟ್’ ಜೊತೆ ‘ಡೀಕನ್’ ಎಂಬ ಹೆಸರು ಕಂಡಿತು. ಯಾರಪ್ಪ ಇವನು?

ಜಾನ್ ಡೀಕನ್ ಆ ತಂಡದ ಬೇಸ್ ಗಿಟಾರ್ ವಾದಕ. 1970ರಲ್ಲಿ ಲಂಡನ್ನಿನಲ್ಲಿ ಶುರುವಾದ ತಂಡಕ್ಕೆ ಮರುವರ್ಷ ಸೇರಿದವನು, ನಾಲ್ವರಲ್ಲಿ ಕಿರಿಯ. ಎಲೆಕ್ಟ್ರಾನಿಕ್ಸ್ ಪದವೀಧರ. ಮಾತು ಕಡಿಮೆ. ಉಳಿದ ಮೂವರೂ ಹಾಡುತ್ತಿದ್ದರು, ಈತ ಹಾಡುತ್ತಿರಲಿಲ್ಲ. ಆದರೆ ಬರೆಯುವ ಕೆಲಸ ಮಾತ್ರ ನಾಲ್ವರದ್ದೂ ಆಗಿತ್ತು. ‘ವಿ ಆರ್ ದ ಚಾಂಪಿಯನ್ಸ್’ ಫ್ರೆಡ್ಡಿಯದು, ‘ವಿ ವಿಲ್ ರಾಕ್ ಯೂ’ ಗಿಟಾರಿಸ್ಟ್ ಬ್ರಯನ್ ಮೇಯದು, ‘ರೇಡಿಯೋ ಗಾ ಗಾ’ ಡ್ರಮ್ಮರ್ ರೋಜರ್ ಟೇಲರನದು.

ಆಗಿನ ಸಿಂಗಲ್ ರೆಕಾರ್ಡಿಗೆ ಎರಡು ಬದಿ. ಮುಂಬದಿಯಲ್ಲಿ ಜನ ದುಡ್ಡು ಕೊಟ್ಟು ಕೊಳ್ಳುವ ಹಾಡು, ಹಿಂಬದಿಯಲ್ಲಿ ಹೆಚ್ಚು ಜನ ಕೇಳದ ಇನ್ನೊಂದು. ಆದರೆ ರೆಕಾರ್ಡ್ ಮಾರಾಟದ ರಾಯಲ್ಟಿಯಲ್ಲಿ ಎರಡೂ ಬದಿಯ ಬರಹಗಾರರಿಗೆ ಸಮಪಾಲು. 1975ರ ‘ಬೊಹೀಮಿಯನ್ ರಾಪ್ಸೊಡಿ’ ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ಅದರ ಹಿಂಬದಿಯಲ್ಲಿದ್ದದ್ದು ಟೇಲರ್ ಕಾರು ಪ್ರೇಮದ ಬಗ್ಗೆ ಬರೆದ ‘ಐ ಆಮ್ ಇನ್ ಲವ್ ವಿತ್ ಮೈ ಕಾರ್’. ಅದಕ್ಕೂ ಅಷ್ಟೇ ಹಣ! ತಂಡದೊಳಗೆ ಮನಸ್ತಾಪವಾಗದೆ ಇರುತ್ತದೆಯೇ?

ಅದೇ ವರ್ಷದ ಆಲ್ಬಮ್ಮಿನಲ್ಲಿ ಡೀಕನ್ ಹೆಂಡತಿಗಾಗಿ ಬರೆದ ‘ಯೂ ಆರ್ ಮೈ ಬೆಸ್ಟ್ ಫ್ರೆಂಡ್’ ಇದೆ. ಅದರ ಎಲೆಕ್ಟ್ರಿಕ್ ಪಿಯಾನೋವನ್ನೂ ಈತನೇ ನುಡಿಸಿದ. ಅದು ಸಿಂಗಲ್ ಆದಾಗ ಹಿಂಬದಿಗೆ ಬಂದದ್ದು ಬ್ರಯನ್ ಮೇ ಬರೆದ ‘39’. ಕೇಳಲು ಹಳೆಯ ಜಾನಪದ ಧಾಟಿ, ಕಥೆ ಮಾತ್ರ ಐನ್‌ಸ್ಟೈನನದು. ಬಾಹ್ಯಾಕಾಶಕ್ಕೆ ಹೋದವರು ತಮ್ಮ ಲೆಕ್ಕದಲ್ಲಿ ಒಂದು ವರ್ಷಕ್ಕೆ ಮರಳುತ್ತಾರೆ, ಭೂಮಿಯಲ್ಲಿ ನೂರು ವರ್ಷ ಕಳೆದಿರುತ್ತದೆ. ಊರು ಬಿಟ್ಟು ಪುಣೆಗೆ ಬಂದ ನನ್ನಂಥವನಿಗೆ ಈ ಹಾಡು ಬೇರೆಯೇ ಥರ ತಾಗುತ್ತದೆ.

ಅದೇ ಆಲ್ಬಮ್ಮಿನ ‘ಗುಡ್ ಕಂಪನಿ’ಯನ್ನೂ ಕೇಳಿ. ಅದರಲ್ಲಿ ಕೇಳಿಸುವ ಜಾಝ್ ವಾದ್ಯಮೇಳ ಇಡಿಯಾಗಿ ಬ್ರಯನ್ ಮೇಯ ಗಿಟಾರ್. ಆ ಸ್ವರಗಳು ಹೊರಟದ್ದು ಡೀಕನ್ ಕೈಯಾರೆ ಮಾಡಿದ ಪುಟ್ಟ ಆಂಪ್ಲಿಫಯರಿನಿಂದ. ಕಸದ ತೊಟ್ಟಿಯಲ್ಲಿ ಸಿಕ್ಕ ಸರ್ಕ್ಯೂಟ್ ಬೋರ್ಡನ್ನು ಹಳೆಯ ಸ್ಪೀಕರ್ ಪೆಟ್ಟಿಗೆಯೊಳಗೆ ಕೂರಿಸಿದ್ದ, ಅಷ್ಟೇ. ಬ್ಯಾಟರಿಯಲ್ಲಿ ನಡೆಯುತ್ತಿತ್ತು, ತಿರುಗಿಸಲು ಒಂದು ಗುಂಡಿಯೂ ಇರಲಿಲ್ಲ.

1980ರಲ್ಲಿ ‘ಅನದರ್ ಒನ್’ ಬಂತು. ಇಂಥ ನೃತ್ಯಸಂಗೀತ ನಮಗೇಕೆ ಎಂದು ಟೇಲರ್ ಮುಖ ಸಿಂಡರಿಸಿದ್ದನಂತೆ. ಇದನ್ನು ಸಿಂಗಲ್ ಮಾಡಿ ಎಂದು ಒತ್ತಾಯಿಸಿದವನು ಮೈಕೇಲ್ ಜಾಕ್ಸನ್. ಅಮೆರಿಕದಲ್ಲಿ ಅದು ಮೊದಲ ಸ್ಥಾನಕ್ಕೇರಿತು.

ಹೆಸರಿನ ಜಗಳಕ್ಕೆ 1989ರ ‘ದ ಮಿರಾಕಲ್’ ಆಲ್ಬಮ್ಮಿನಲ್ಲಿ ತೆರೆ ಬಿತ್ತು. ಯಾರೇ ಬರೆದರೂ ಎಲ್ಲ ಹಾಡೂ ‘ಕ್ವೀನ್’ ಹೆಸರಿನಲ್ಲಿ. 1991ರ ‘ದೀಸ್ ಆರ್ ದ ಡೇಸ್ ಆಫ್ ಅವರ್ ಲೈವ್ಸ್’ ಮುಖ್ಯವಾಗಿ ಟೇಲರನದು, ಮುದ್ರಿತವಾದ ಹೆಸರು ತಂಡದ್ದು. ಆ ವರ್ಷ ನವೆಂಬರ್ 24ರಂದು ಫ್ರೆಡ್ಡಿ ತೀರಿಕೊಂಡ. 1997ರ ನಂತರ ಡೀಕನ್ ವೇದಿಕೆಯಿಂದಲೇ ಸರಿದುಬಿಟ್ಟ. 2001ರಲ್ಲಿ ತಂಡಕ್ಕೆ ‘ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್’ ಗೌರವ ಸಂದಾಗಲೂ ಬರಲಿಲ್ಲ.

ಈ ‘ಎಲ್ಲರ ಹೆಸರು’ ನನಗೆ ಬಹಳ ಹಿಡಿಸಿತ್ತು. ಮೀಟಿಂಗುಗಳಲ್ಲಿ ಉದಾಹರಣೆಯಾಗಿ ಹೇಳಿದ್ದೂ ಉಂಟು. ಕೆಲವು ವರ್ಷಗಳ ಹಿಂದೆ ನನ್ನ ತಂಡದಲ್ಲಿ ಒಬ್ಬಳು ಹುಡುಗಿಯಿದ್ದಳು, ಮೀಟಿಂಗಿನಲ್ಲಿ ಬಾಯಿ ಬಿಡದವಳು. ವಾರಗಟ್ಟಲೆ ನಮ್ಮನ್ನು ಕಾಡಿದ ದೋಷವೊಂದನ್ನು ಎರಡು ರಾತ್ರಿ ಕೂತು ಹುಡುಕಿದವಳು ಅವಳೇ. ಕ್ಲೈಂಟಿಗೆ ತೋರಿಸಿದ ಸ್ಲೈಡಿನಲ್ಲಿ ನಾನು ‘ತಂಡದ ಶ್ರಮ’ ಎಂದು ಬರೆದೆ. ಮೇಲೆ ನನ್ನ ಹೆಸರಿತ್ತು. ಅವಳು ಏನೂ ಹೇಳಲಿಲ್ಲ. ಮೂರು ತಿಂಗಳಿಗೆ ರಾಜೀನಾಮೆ ಕೊಟ್ಟಳು. ಕಾರಣ ನಾನೂ ಕೇಳಲಿಲ್ಲ.

ಕ್ವೀನ್ ತಂಡದ ನಾಲ್ವರು ಸಮಾನರಾಗಿ ಕೂತು, ಒಪ್ಪಿ, ತಮ್ಮ ತಮ್ಮ ಹೆಸರನ್ನು ಬಿಟ್ಟುಕೊಟ್ಟಿದ್ದರು. ನಾನು ಬಿಟ್ಟುಕೊಟ್ಟದ್ದು ನನ್ನ ಹೆಸರನ್ನಲ್ಲ, ಅವಳದ್ದನ್ನು. ಅದೂ ಅವಳನ್ನು ಕೇಳದೆ.

ಈಗ ಪ್ರತಿ ಸ್ಲೈಡಿನ ಕೊನೆಗೆ ಯಾರು ಏನು ಮಾಡಿದರು ಎಂದು ಬರೆಯುತ್ತೇನೆ. ಅಕ್ಷರ ಸಣ್ಣದೇ ಇರಲಿ. ಒಳಚೀಟಿ ಓದುವ ಚಾಳಿಯವರು ಒಬ್ಬರಾದರೂ ಇದ್ದೇ ಇರುತ್ತಾರೆ.