ಬೈಲಿನ ಆಟಗಳು: ನಮ್ಮೂರಿನ ಬರೆಯದ ಇತಿಹಾಸ

ಇತಿಹಾಸವೆಂದೊಡನೆ ನಮ್ಮ ಮನಸ್ಸು ಅರಸರ ಕಡೆಗೂ ಕೋಟೆಗಳ ಕಡೆಗೂ ಹರಿಯುವುದು ಸಹಜ. ಕುಂಬಳೆ ಸೀಮೆಯವರಾದ ನಮಗೆ ಅಂಥ ಸಂಪತ್ತಿಗೆ ಕೊರತೆಯೂ ಇಲ್ಲ. ಮಾಯಿಪ್ಪಾಡಿಯ ಅರಮನೆ, ಆರಿಕ್ಕಾಡಿಯ ಕೋಟೆ, ಕಣಿಪುರದ ಗೋಪಾಲಕೃಷ್ಣ ದೇವಸ್ಥಾನ, ಯಕ್ಷಗಾನದ ಪಾರ್ತಿಸುಬ್ಬ, ಇವೆಲ್ಲ ನಮ್ಮ ಉಪಾಧ್ಯಾಯರು ಅಭಿಮಾನದಿಂದ ಹೇಳಿಕೊಟ್ಟ ಹೆಸರುಗಳು. ಆದರೆ ಆ ಕೋಟೆಯ ನೆರಳಿನಲ್ಲಿ ಆಡಿ ಬೆಳೆದ ಮಕ್ಕಳ ಸಂಗತಿಯನ್ನು ಯಾವ ಶಾಸನವೂ ಹೇಳುವುದಿಲ್ಲ. ಅವರು ಏನನ್ನು ಆಡಿದರು, ಯಾವ ಮಾತಿನಲ್ಲಿ ಜಗಳವಾಡಿದರು, ಹೇಗೆ ರಾಜಿಯಾದರು ಎಂಬುದೂ ಊರಿನ ಇತಿಹಾಸವೇ ಅಲ್ಲವೆ?

ನನ್ನ ಬಾಲ್ಯದಲ್ಲಿ ನಮ್ಮ ಶಾಲೆಗೆ ಹೇಳಿಕೊಳ್ಳುವಂಥ ಮೈದಾನವಿರಲಿಲ್ಲ. ನಮಗೆ ಮೈದಾನವನ್ನು ಕೊಡುತ್ತಿದ್ದುದು ಬೇಸಾಯ. ಏಣಿಲಿನ ಕೊಯ್ಲು ಮುಗಿದು ಸುಗ್ಗಿಯ ಉಳುಮೆ ತೊಡಗುವ ತನಕ ಬೈಲಿನ ಗದ್ದೆಗಳು ನಮ್ಮವು. ಸುಗ್ಗಿಯ ಪೈರು ತೆಗೆದ ಮೇಲೆ, ಕೊಳಕೆ ಬೆಳೆಯದ ಗದ್ದೆಗಳು ಮತ್ತೆ ನಮ್ಮವು. ಉಳಿದ ದಿನಗಳಲ್ಲಿ ಮುರಕಲ್ಲಿನ ಪದವು ಇದ್ದೇ ಇತ್ತು. ಅಲ್ಲಿ ಬಿದ್ದರೆ ಮೊಣಕಾಲು ಉಳಿಯುತ್ತಿರಲಿಲ್ಲ. ಕೈಗಡಿಯಾರ ಕಂಡವರಿಲ್ಲ. ಮಂಗಳೂರಿನಿಂದ ಬರುವ ಸಂಜೆಯ ರೈಲಿನ ಕೂಗು ಕೇಳಿದರೆ ಆಟ ಮುಗಿಯಿತೆಂದೇ ಅರ್ಥ. ಹಟ್ಟಿಗೆ ದನ ಸೇರಿಸುವುದಕ್ಕೂ ದೀಪದ ಬುಡ್ಡಿಗೆ ಎಣ್ಣೆ ತುಂಬುವುದಕ್ಕೂ ಮನೆಯಲ್ಲಿ ನಮ್ಮನ್ನು ಕಾಯುತ್ತಿದ್ದರು.

ಆಟಿ ತಿಂಗಳ ಜಡಿಮಳೆಯಲ್ಲಿ ಹೊರಗೆ ಕಾಲಿಡುವಂತಿರಲಿಲ್ಲ. ಆಗ ಅಟ್ಟದಿಂದ ಚೆನ್ನೆಮಣೆ ಇಳಿಯುತ್ತಿತ್ತು. ಎರಡು ಸಾಲು, ಸಾಲಿಗೆ 7ರಂತೆ 14 ಗುಳಿ, ಗುಳಿಗೆ 4ರಂತೆ 56 ಕಾಯಿ. ಮಂಜೊಟ್ಟಿಯ ಕೆಂಪು ಕಾಳುಗಳನ್ನು ಆರಿಸಿ ಕುಡಿಕೆಯಲ್ಲಿ ಇಡುವುದು ಅಜ್ಜಿಯ ಕೆಲಸ. ಅಕ್ಕತಂಗಿಯರು ಎದುರುಬದುರು ಕುಳಿತು ಆಡಬಾರದೆಂದು ಅವರು ಕಟ್ಟುನಿಟ್ಟಾಗಿ ಹೇಳುತ್ತಿದ್ದರು. ಸಿರಿಯ ಪಾಡ್ದನದಲ್ಲಿ ಅಬ್ಬಗ ದಾರಗ ಎಂಬ ಅವಳಿ ಸೋದರಿಯರು ಚೆನ್ನೆಯಾಡುತ್ತ ಜಗಳವಾಡಿ ಪ್ರಾಣ ಕಳೆದುಕೊಂಡರಷ್ಟೆ. ಕೂಡಿ ಕಳೆಯುವ ಲೆಕ್ಕವನ್ನು ನಾವು ಸ್ಲೇಟಿನಲ್ಲಿ ಕಲಿಯುವ ಮೊದಲೇ ಆ ಮಣೆಯಲ್ಲಿ ಕಲಿತಿದ್ದೆವು.

ಮಳೆ ಬಿಟ್ಟಾಗ ತೋಟದಲ್ಲಿ ಬಿದ್ದ ಅಡಿಕೆಯ ಹಾಳೆಯೇ ನಮ್ಮ ರಥ. ಒಬ್ಬನು ಹಾಳೆಯ ಮೇಲೆ ಕುಳಿತು, ಇಬ್ಬರು ಅದರ ಸೋಗೆಯನ್ನು ಹಿಡಿದೆಳೆದರೆ ಕೆಸರಿನಲ್ಲಿ ಅದಕ್ಕಿಂತ ವೇಗದ ವಾಹನ ನಮಗೆ ಗೊತ್ತಿರಲಿಲ್ಲ. ಬಯಲಾಟ ನೋಡಿ ಬಂದ ಮರುದಿನ ಅದೇ ಹಾಳೆ ಕಿರೀಟವಾಗುತ್ತಿತ್ತು.

ಆದರೆ ಆಟಗಳಲ್ಲಿ ಹಿರಿದು ಕುಟ್ಟಿದೊಣ್ಣೆ. ಬಯಲುಸೀಮೆಯವರು ಇದನ್ನು ಚಿನ್ನಿದಾಂಡು ಎನ್ನುತ್ತಾರೆ. ಮಲಯಾಳದವರಿಗೆ ಇದು ಕುಟ್ಟಿಯುಂ ಕೋಲುಂ. ನಮ್ಮ ಗುಂಪಿನಲ್ಲಿ ತುಳು, ಕನ್ನಡ, ಮಲಯಾಳ, ಕೊಂಕಣಿ ಮನೆಮಾತಿನ ಹುಡುಗರಿದ್ದರು. ಯಾರ ಮನೆಯಲ್ಲಿ ಯಾವ ಮಾತಿದ್ದರೂ ಗುಳಿಯ ಮೇಲೆ ಅಡ್ಡಲಾಗಿ ಇಟ್ಟದ್ದು ಕುಟ್ಟಿ, ಅದರಲ್ಲಿ ವಿವಾದವಿಲ್ಲ. ಕುಟ್ಟಿಯನ್ನು ಎದುರಾಳಿ ಹಿಡಿದನೇ, ಅದು ನೆಲ ಮುಟ್ಟಿತ್ತೇ ಎಂಬ ವಿವಾದಗಳು ಮಾತ್ರ ನಾಲ್ಕೂ ಭಾಷೆಗಳಲ್ಲಿ ನಡೆದು, ಶಾಲೆಯ ಮಾತಾದ ಕನ್ನಡದಲ್ಲಿ ತೀರ್ಮಾನವಾಗುತ್ತಿದ್ದುವು.

ನಾನು 5ನೆಯ ತರಗತಿಯಲ್ಲಿದ್ದಾಗ, 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ನಮ್ಮ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಹಿರಿಯರು ಜಗಲಿಯಲ್ಲಿ ಕುಳಿತು ತಗ್ಗಿದ ದನಿಯಲ್ಲಿ ಮಾತನಾಡುತ್ತಿದ್ದುದು ನೆನಪಿದೆ. ಚಂದ್ರಗಿರಿ ನದಿಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಮಹಾಜನ ಆಯೋಗವು 1967ರಲ್ಲಿ ವರದಿ ಕೊಟ್ಟಿತು, ಗಡಿ ಕದಲಲಿಲ್ಲ. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಇಷ್ಟನ್ನು ಪುಸ್ತಕಗಳು ಹೇಳುತ್ತವೆ. 1956ರ ಆ ಸಂಜೆಯೂ ನಾವು ಎಂದಿನಂತೆ ಕುಟ್ಟಿದೊಣ್ಣೆಯಾಡಿದೆವೆಂಬುದನ್ನು ಹೇಳುವುದಿಲ್ಲ.

ನನ್ನ ಜೊತೆಯ ಆಟಗಾರನೊಬ್ಬನನ್ನು ಕೆಲವು ವರ್ಷಗಳ ತರುವಾಯ ಅವನ ತಂದೆಯವರು ಮಲಯಾಳ ತರಗತಿಗೆ ಸೇರಿಸಿದರು. ಮುಂದೆ ಉದ್ಯೋಗಕ್ಕೆ ಅನುಕೂಲವಾದೀತೆಂಬುದು ಅವರ ಎಣಿಕೆ. ಅದನ್ನು ತಪ್ಪೆನ್ನಲು ನನಗೆ ಬಾಯಿಲ್ಲ. ಅವನು ದೂರದ ಊರಿನಲ್ಲಿ ನೆಲಸಿದನು. ಕೆಲಕಾಲದ ಹಿಂದೆ ಮೊಮ್ಮಗನೊಡನೆ ನಮ್ಮಲ್ಲಿಗೆ ಬಂದಿದ್ದನು. ನಾವಿಬ್ಬರು ಮುದುಕರು ಒಂದು ಕೊಂಬೆಯನ್ನು ಕೆತ್ತಿ ಹುಡುಗನಿಗೆ ಕುಟ್ಟಿದೊಣ್ಣೆ ಮಾಡಿಕೊಟ್ಟೆವು. ಅವನು ಒಂದು ತಾಸಿನಲ್ಲಿ ಆಟವನ್ನು ಕಲಿತುಬಿಟ್ಟನು. ಹೊರಡುವಾಗ ಮಲಯಾಳದಲ್ಲಿ ಕೇಳಿದನು: “ಅಜ್ಜ, ಇದರ ನಿಯಮಗಳನ್ನು ಎಲ್ಲಿ ಬರೆದಿದ್ದಾರೆ? ನನಗೆ ಮರೆತರೆ ಏನು ಮಾಡಲಿ?”

ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದೆವು. ನಮ್ಮ ಬೈಲಿನ ನಿಯಮಗಳನ್ನು ನಾವು ಎಲ್ಲಿಯೂ ಬರೆದಿಟ್ಟಿರಲಿಲ್ಲ. ನಾನು ಬರೆಯುವುದಾದರೆ ಕನ್ನಡದಲ್ಲಿ ಬರೆಯಬೇಕು. ಅದನ್ನು ಆ ಹುಡುಗನು ಓದಲಾರನು.

ಅಂದಿನಿಂದ ಈ ವಿಚಾರ ನನ್ನನ್ನು ಬಿಟ್ಟಿಲ್ಲ. ಕಬಡ್ಡಿಯೂ ಒಂದು ಕಾಲಕ್ಕೆ ಊರೂರಿನ ಆಟವೇ. ತಮಿಳರಿಗೆ ಅದು ಸಡುಗುಡು, ಮರಾಠಿಗರಿಗೆ ಹುತುತು. ಅದರ ನಿಯಮಗಳನ್ನು ಬರೆದು ಕ್ರಮಪಡಿಸಿದರು. 1950ರಲ್ಲಿ ಅಖಿಲ ಭಾರತ ಮಟ್ಟದ ಸಂಸ್ಥೆ ಸ್ಥಾಪನೆಯಾಯಿತು. 1990ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡಾಕೂಟದಲ್ಲಿ ಅದು ಪದಕದ ಆಟವಾಯಿತು. ಬರೆದಿಟ್ಟ ಆಟ ಕಡಲು ದಾಟಿತು. ಬರೆಯದ ಆಟ ನಮ್ಮೊಡನೆ ಮುದಿಯಾಗುತ್ತಿದೆ. ಮಾತನ್ನು ಬೈಲು ಕಾಪಾಡಿತು, ದಿಟ. ಅಕ್ಷರವನ್ನು ಕಾಪಾಡುವ ಶಕ್ತಿ ಬೈಲಿಗಿಲ್ಲ. ಅದು ಶಾಲೆಗೆ ಮಾತ್ರ ಉಂಟು.

ಆದುದರಿಂದ ಕನ್ನಡ ಮಾಧ್ಯಮದ ಉಪಾಧ್ಯಾಯ ಬಂಧುಗಳಲ್ಲಿ ನನ್ನದೊಂದು ವಿಜ್ಞಾಪನೆ. ಪ್ರಬಂಧ ಬರೆಯಿಸುವಾಗ ಒಮ್ಮೆಯಾದರೂ ‘ನಮ್ಮ ಅಜ್ಜ ಆಡಿದ ಆಟ’ ಎಂಬ ವಿಷಯವನ್ನು ಕೊಡಿರಿ. ವಿದ್ಯಾರ್ಥಿಮಿತ್ರರೇ, ಮನೆಯ ಹಿರಿಯರ ಬಳಿ ಕುಳಿತು ಕೇಳಿರಿ: ಗುಳಿ ಎಷ್ಟು ಆಳ, ದೊಣ್ಣೆ ಎಷ್ಟು ಉದ್ದ, ಎಣಿಕೆಯ ಮಾತುಗಳು ಯಾವುವು, ಸೋತವನಿಗೆ ಏನು ಶಿಕ್ಷೆ? ಅವರು ಹೇಳಿದ ಮಾತು ತುಳುವಾಗಲಿ, ಮಲಯಾಳವಾಗಲಿ, ಹಾಗೆಯೇ ಕನ್ನಡ ಅಕ್ಷರಗಳಲ್ಲಿ ಬರೆದುಕೊಳ್ಳಿರಿ. ನಾನೂ ಒಂದು ನೋಟುಪುಸ್ತಕವನ್ನು ಹಿಡಿದು ತೊಡಗಿದ್ದೇನೆ. ಮುಂದಿನ ರಜೆಗೆ ಆ ಹುಡುಗ ಬಂದಾಗ ಅದನ್ನು ಅವನಿಗೆ ಓದಿ ಹೇಳಬೇಕು. ಕೇಳಿದ ಮೇಲೆ, ಈ ಅಕ್ಷರಗಳನ್ನು ಕಲಿಸಿಕೊಡಿರೆಂದು ಅವನೇ ಕೇಳಿದರೂ ಕೇಳಬಹುದು.