ಶುಗರ್ ಗ್ಲೈಡರ್ ಸಾಕಣೆ: ಸಾರ್ವಜನಿಕರಿಗೆ ಮಾಹಿತಿ

ಶುಗರ್ ಗ್ಲೈಡರ್ ಆಸ್ಟ್ರೇಲಿಯಾ ಹಾಗೂ ನ್ಯೂಗಿನಿ ಪ್ರದೇಶದ ನಿಶಾಚರ ಪ್ರಾಣಿ. ನೋಟದಲ್ಲಿ ಅಳಿಲನ್ನು ಹೋಲುವುದಾದರೂ ಇದು ಕಾಂಗರೂವಿನಂತೆ ಹೊಟ್ಟೆಯ ಚೀಲದಲ್ಲಿ ಮರಿಯನ್ನು ಬೆಳೆಸುವ ವರ್ಗಕ್ಕೆ ಸೇರಿದೆ. ಬೆಳೆದ ಪ್ರಾಣಿಯ ತೂಕ ಸುಮಾರು 100ರಿಂದ 160 ಗ್ರಾಂ. ಪಶ್ಚಿಮ ಘಟ್ಟಗಳ ಹಾರುವ ಅಳಿಲಿಗೂ ಇದಕ್ಕೂ ಸಂಬಂಧವಿಲ್ಲ. ಹಾರುವ ಅಳಿಲು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ರಕ್ಷಣೆಗೆ ಒಳಪಟ್ಟಿದ್ದು, ಅದನ್ನು ಹಿಡಿಯುವುದು ಅಥವಾ ಮನೆಯಲ್ಲಿ ಇರಿಸಿಕೊಳ್ಳುವುದು ಅಪರಾಧವಾಗಿರುತ್ತದೆ. ಮಾರಾಟಗಾರರು ಹೇಳುವ ಹೆಸರನ್ನಷ್ಟೇ ನಂಬಿ ಖರೀದಿಸತಕ್ಕದ್ದಲ್ಲ.

ಆಸ್ಟ್ರೇಲಿಯಾದಿಂದ ಅಲ್ಲಿನ ಸ್ಥಳೀಯ ಸ್ತನಿಗಳನ್ನು ಜೀವಂತವಾಗಿ ವಾಣಿಜ್ಯ ಉದ್ದೇಶಕ್ಕೆ ರಫ್ತು ಮಾಡಲು ಅವಕಾಶವಿಲ್ಲ. ಆದ್ದರಿಂದ ಪ್ರಾಣಿಯ ಮೂಲ ಮತ್ತು ಖರೀದಿಗೆ ಸಂಬಂಧಿಸಿದ ದಾಖಲೆಗಳನ್ನು ಪಡೆದು ಕಾಯ್ದಿರಿಸಿಕೊಳ್ಳುವುದು ಸೂಕ್ತ.

ಆಹಾರದ ವಿಷಯದಲ್ಲಿ ಆಗುವ ತಪ್ಪೇ ಈ ಪ್ರಾಣಿಗೆ ಅತಿ ಹೆಚ್ಚು ಹಾನಿಯನ್ನುಂಟುಮಾಡುತ್ತದೆ. ಕಾಡಿನಲ್ಲಿ ಇದು ಅಕೇಶಿಯಾ ಮರದ ಅಂಟು, ನೀಲಗಿರಿ ಜಾತಿಯ ಮರಗಳ ರಸ, ಮಕರಂದ, ಪರಾಗ ಹಾಗೂ ಕೀಟಗಳನ್ನು ತಿಂದು ಬದುಕುತ್ತದೆ. ಹೆಸರಿನಲ್ಲಿ ಸಕ್ಕರೆ ಇದೆಯೆಂದು ಬರೀ ಹಣ್ಣು ಮತ್ತು ಸೂರ್ಯಕಾಂತಿ ಬೀಜ ನೀಡಿದಲ್ಲಿ ಕ್ಯಾಲ್ಸಿಯಂ ಕೊರತೆಯಿಂದ ಮೂಳೆಗಳು ದುರ್ಬಲಗೊಂಡು ಹಿಂಗಾಲುಗಳು ಸ್ವಾಧೀನ ಕಳೆದುಕೊಳ್ಳುತ್ತವೆ. ಆಹಾರದಲ್ಲಿ ಕ್ಯಾಲ್ಸಿಯಂ ಪ್ರಮಾಣವು ರಂಜಕದ ಸುಮಾರು ಎರಡರಷ್ಟಿರಬೇಕು. ಕಾಲೆಳೆದು ನಡೆಯುವುದು ಕಂಡುಬಂದ ದಿನವೇ ಪಶುವೈದ್ಯರಿಗೆ ತೋರಿಸತಕ್ಕದ್ದು. ವಿಳಂಬವಾದಷ್ಟೂ ಗುಣವಾಗುವ ಸಾಧ್ಯತೆ ಕುಗ್ಗುತ್ತದೆ. ಚಾಕೊಲೇಟ್ ಮತ್ತು ಈರುಳ್ಳಿಯನ್ನು ನೀಡಲೇಬಾರದು.

ಇವು ಗುಂಪಿನಲ್ಲಿ ಬಾಳುವ ಪ್ರಾಣಿಗಳು. ಒಂಟಿಯಾಗಿ ಇರಿಸಿದವು ಖಿನ್ನಗೊಂಡು ತಮ್ಮ ಬಾಲವನ್ನೇ ಕಚ್ಚಿಕೊಳ್ಳುವುದುಂಟು. ಆದ್ದರಿಂದ ಕನಿಷ್ಠ ಎರಡನ್ನಾದರೂ ಜೊತೆಯಾಗಿ ಸಾಕಬೇಕು. ಮರಿಗಳು ಬೇಡವಾದಲ್ಲಿ ಗಂಡಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಬಹುದು. ಬೆಳೆದ ಗಂಡಿನ ನೆತ್ತಿಯಲ್ಲಿ ಕಾಣುವ ಬೋಳು ಭಾಗವು ಗಂಧಗ್ರಂಥಿಯ ಸ್ಥಾನವೇ ಹೊರತು ಚರ್ಮರೋಗವಲ್ಲ.

ಪಂಜರವು ಅಗಲಕ್ಕಿಂತ ಎತ್ತರವಾಗಿರಲಿ. ಸರಳುಗಳ ಅಂತರ ಅರ್ಧ ಇಂಚನ್ನು ಮೀರದಿರಲಿ. ಹಗಲು ನಿದ್ರಿಸಲು ಬಟ್ಟೆಯ ಚೀಲವನ್ನು ತೂಗುಹಾಕಬೇಕು. 24ರಿಂದ 27 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಹಿತಕರ. ತೀವ್ರ ಚಳಿಯಲ್ಲಿ ಮೈ ತಣ್ಣಗಾಗಿ ಅಲುಗಾಡದೆ ಬಿದ್ದಿದ್ದರೆ ಸತ್ತಿದೆಯೆಂದು ಭಾವಿಸದೆ, ಮೈಯ ಶಾಖದಿಂದ ನಿಧಾನವಾಗಿ ಬೆಚ್ಚಗಾಗಿಸಿ ವೈದ್ಯರನ್ನು ಸಂಪರ್ಕಿಸಬೇಕು.

ಸಾಕಣೆಯಲ್ಲಿ ಇವು 10ರಿಂದ 12 ವರ್ಷ ಬದುಕಬಲ್ಲವು. ರಾತ್ರಿಯ ಸದ್ದು ಹಾಗೂ ವಾಸನೆಯನ್ನು ಸಹಿಸಲಾಗದವರು ಆರಂಭದಲ್ಲಿಯೇ ಕೈಬಿಡುವುದು ಲೇಸು. ಸಾಕಲು ಸಾಧ್ಯವಾಗದಿದ್ದಲ್ಲಿ ತೋಟಕ್ಕಾಗಲಿ ಕಾಡಿಗಾಗಲಿ ಬಿಡದೆ, ಅನುಭವವುಳ್ಳ ಮತ್ತೊಬ್ಬ ಸಾಕಣೆದಾರರಿಗೆ ದಾಖಲೆಗಳ ಸಹಿತ ಒಪ್ಪಿಸತಕ್ಕದ್ದು.